ವ್ಯೂಪೋರ್ಟ್ ಸಾಲು ಸೇರಿಸಿದ ಮೇಲೂ ಮೊಬೈಲಿನಲ್ಲಿ ಪುಟ ಪಕ್ಕಕ್ಕೆ ಜಾರುವುದೇಕೆ?

ನವನಗರ_ಡಿಟಿಪಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕುಗಳ ಕೆಲಸದ ನಡುವೆ, ಪರಿಚಯದವರು ಕೇಳಿದರೆ ಜಾಲತಾಣದ ಪುಟಗಳನ್ನೂ ಮಾಡಿಕೊಡುತ್ತೇನೆ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಹತ್ತು ಹನ್ನೆರಡು ವರ್ಷಗಳ ಹಿಂದೆ ಯಾರಿಂದಲೋ ಮಾಡಿಸಿದ್ದ ಪುಟವನ್ನು ಮೊಬೈಲಿಗೆ ಹೊಂದಿಸಿಕೊಡಬೇಕೆಂದು ಈಗ ನನ್ನ ಬಳಿ ಬಂದಿದ್ದಾರೆ. ಅದನ್ನು ತಮ್ಮ ಫೋನಿನಲ್ಲಿ ತೆರೆದು ನನ್ನ ಮುಂದೆ ಹಿಡಿದು, "ನೋಡ್ರಿ, ಅಕ್ಷರ ಇರುವಿ ಸಾಲಿನಂಗ ಕಾಣತಾವ, ಗಿರಾಕಿ ಹ್ಯಾಂಗ ಓದಬೇಕು?" ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಪುಟದ ಮೇಲ್ಭಾಗದಲ್ಲಿ ಕಡುಗೆಂಪು ತಲೆಪಟ್ಟಿಯಿದೆ, ಅದರ ಕೆಳಗೆ ಅಂಗಡಿಯ ಚಿತ್ರ, ಆಮೇಲೆ ಸೀರೆಗಳ ಒಂದು ದೊಡ್ಡ ಟೇಬಲ್. ಒಡಲಿನ ಬಣ್ಣ, ದಡಿ ಚಿಕ್ಕಿಯೋ ಗೋಮಿಯೋ ಜರಿಯೋ ಎಂಬುದು, ಸೆರಗು, ನೂಲು, ಉದ್ದ, ಕಸೂತಿ ಇದೆಯೋ ಇಲ್ಲವೋ, ದಡಿಯ ಫೋಟೋ, ಕೊನೆಗೆ ದರ, ಹೀಗೆ ಎಂಟು ಕಾಲಂಗಳು. ಟೇಬಲಿನ ಅಗಲವನ್ನು 960 ಎಂದು ನೇರವಾಗಿ ಬರೆದಿದ್ದಾರೆ. ಕೆಳಗೆ ಹೆಸರು ಮತ್ತು ಮೊಬೈಲ್ ಸಂಖ್ಯೆ ತುಂಬಿ ಆರ್ಡರ್ ಕಳುಹಿಸುವ ಫಾರಂ ಇದೆ.

ಹಳೆಯ ಪುಟದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಎಷ್ಟು ಅಗಲಕ್ಕೆ ಹೆಣೆಯಬೇಕೆಂದು ಮೊಬೈಲ್ ಬ್ರೌಸರಿಗೆ ತಿಳಿಸುವ ಸಾಲು) ಇರಲಿಲ್ಲ. ನಾನು ಸೇರಿಸಿದ ಸಾಲು ಇದು (ಕಡತದಲ್ಲಿ ಇಂಗ್ಲಿಷಿನಲ್ಲೇ ಇದೆ, ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ):

ವಿಡ್ತ್=ಡಿವೈಸ್-ವಿಡ್ತ್; ಇನಿಷಿಯಲ್-ಸ್ಕೇಲ್=1; ಮ್ಯಾಕ್ಸಿಮಮ್-ಸ್ಕೇಲ್=1; ಯೂಸರ್-ಸ್ಕೇಲೆಬಲ್=ನೋ

ಮೊದಲು ಎರಡೇ ಗುಣಗಳನ್ನು ಬರೆದಿದ್ದೆ. ಐಫೋನಿನಲ್ಲಿ ಫಾರಂನ ಪೆಟ್ಟಿಗೆಯನ್ನು ಮುಟ್ಟಿದ ಕೂಡಲೇ ಪುಟ ತಾನಾಗಿ ಹಿಗ್ಗಿ ಅರ್ಧ ಭಾಗ ಪರದೆಯಿಂದ ಹೊರಗೆ ಹೋಗುತ್ತಿದ್ದುದರಿಂದ, ಅದನ್ನು ತಡೆಯಲು ಉಳಿದೆರಡನ್ನು ಸೇರಿಸಿದೆ. ಹಿಗ್ಗುವುದು ನಿಂತಿತು, ಆದರೆ ಬೇರೆ ತೊಂದರೆಗಳು ಶುರುವಾದವು. ನನ್ನ ಆಂಡ್ರಾಯ್ಡ್ ಫೋನಿನ ಕ್ರೋಮಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆಯಾದರೂ ಪುಟ ಎಡಬಲಕ್ಕೆ ಜಾರುತ್ತದೆ. ಬಲಕ್ಕೆ ಎಳೆದರೆ ತಲೆಪಟ್ಟಿಯ ಕೆಂಪು ನಡುವಿನಲ್ಲೇ ನಿಂತು, ಅದರಾಚೆಗೆ ಬಿಳಿಯ ಜಾಗ, ಕೆಳಗೆ ಟೇಬಲ್ ಮಾತ್ರ ಮುಂದುವರಿದಿರುತ್ತದೆ. ದಡಿಯ ನೇಯ್ಗೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಲು ಆಗುತ್ತಿಲ್ಲ ಎಂದು ಇಬ್ಬರು ಗಿರಾಕಿಗಳು ದೂರಿದ್ದಾರೆ. ಇನ್ನು ಮಾಲಕರ ಸ್ವಂತ ಫೋನಿನಲ್ಲಿ, ನಾನು ಏನೇ ಮಾಡಿದರೂ, ಪುಟ ಹಿಂದಿನಂತೆಯೇ ಇರುವೆ ಸಾಲು.

ಒಂದೇ ಸಾಲನ್ನು ಮೂರು ಫೋನುಗಳು ಮೂರು ಬಗೆಯಾಗಿ ಅರ್ಥ ಮಾಡಿಕೊಳ್ಳುತ್ತಿರುವುದೇಕೆ? ನನ್ನ ಫೋನಿನ ಪರದೆ 1080 ಪಿಕ್ಸೆಲ್ ಅಗಲವೆಂದು ಪೆಟ್ಟಿಗೆಯ ಮೇಲೆಯೇ ಬರೆದಿರುವಾಗ 960ರ ಟೇಬಲ್ ಅದರೊಳಗೆ ಹಿಡಿಸಬೇಕಲ್ಲವೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಟಿಳಕವಾಡಿ_ಮಾಸ್ತರ (ಬೆಳಗಾವಿ)

ಸರ್, ನಿಮ್ಮ ಸಾಲಿನ ಮೊದಲ ಅರ್ಧ ಸರಿಯಿದೆ, ಎರಡನೆಯ ಅರ್ಧ ಬೇಡ, ಮತ್ತು ಪುಟ ಜಾರುವುದಕ್ಕೆ ಕಾರಣ ಆ ಸಾಲೇ ಅಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಒಮ್ಮೆ ಬುಡದಿಂದ ತಿಳಿದುಕೊಳ್ಳದಿದ್ದರೆ ಪ್ರತಿ ಪುಟಕ್ಕೂ ಎಲ್ಲಿಂದಲೋ ನಕಲು ಮಾಡಿದ ಸಾಲನ್ನೇ ಅಂಟಿಸುತ್ತ ಹೋಗಬೇಕಾಗುತ್ತದೆ.

ಇಳಕಲ್ಲಿನವರ ಪುಟವಾದ್ದರಿಂದ ಮಗ್ಗದ ಮಾತಿನಲ್ಲೇ ಹೇಳುತ್ತೇನೆ. ಬಟ್ಟೆಯ ಪನ್ನ, ಅಂದರೆ ಅಗಲ, ಎಷ್ಟೆಂಬುದು ಹಾಸು ಏರಿಸುವಾಗಲೇ ತೀರ್ಮಾನವಾಗಿರುತ್ತದೆ. ನೇಯ್ದ ಸೀರೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೂ, ನಾಲ್ಕು ಮಾರು ದೂರದಿಂದ ನೋಡಿದರೂ, ಪನ್ನ ಬದಲಾಗುವುದಿಲ್ಲ. ಮೊಬೈಲ್ ಬ್ರೌಸರಿನಲ್ಲಿಯೂ ಹೀಗೆಯೇ ಎರಡು ಬೇರೆ ಬೇರೆ ಸಂಗತಿಗಳಿವೆ. ಪುಟವನ್ನು ಎಷ್ಟು ಅಗಲಕ್ಕೆ ಹೆಣೆಯಬೇಕು ಎಂಬುದು ಲೇಔಟ್ ವ್ಯೂಪೋರ್ಟ್. ಹೆಣೆದ ಪುಟದ ಎಷ್ಟು ಭಾಗ ಈ ಕ್ಷಣದಲ್ಲಿ ಪರದೆಯ ಮೇಲೆ ಕಾಣುತ್ತಿದೆ ಎಂಬುದು ವಿಶುವಲ್ ವ್ಯೂಪೋರ್ಟ್. ಬೆರಳುಗಳಿಂದ ಹಿಗ್ಗಿಸಿದಾಗ ಬದಲಾಗುವುದು ಎರಡನೆಯದು ಮಾತ್ರ, ಮೊದಲನೆಯದು ಕದಲುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿ, ಹೆಸರಿಟ್ಟು, 2010ರಲ್ಲಿ ವಿವರವಾಗಿ ಬರೆದವರು ನೆದರ್ಲೆಂಡ್ಸಿನ ಪೀಟರ್-ಪಾಲ್ ಕೊಖ್. ಅದಕ್ಕೂ ಮುಂಚೆ ನಾವೆಲ್ಲ ಎರಡನ್ನೂ "ಸ್ಕ್ರೀನ್ ಸೈಜ್" ಎಂದೇ ಕರೆದು ಗೊಂದಲ ಮಾಡಿಕೊಳ್ಳುತ್ತಿದ್ದೆವು.

ಹಾಗಾದರೆ ಸಾಲು ಇಲ್ಲದಿದ್ದಾಗ ಪನ್ನವನ್ನು ಯಾರು ನಿರ್ಧರಿಸುತ್ತಾರೆ? ಬ್ರೌಸರೇ ಊಹೆ ಮಾಡುತ್ತದೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಅದರ ಪರದೆ 320 ಪಿಕ್ಸೆಲ್ ಅಗಲ, 480 ಪಿಕ್ಸೆಲ್ ಎತ್ತರವಿತ್ತು. ಆಗಿನ ಜಾಲತಾಣಗಳನ್ನಾದರೋ 1024 ಅಗಲದ ಮಾನಿಟರಿಗೆ ಹೊಂದುವಂತೆ ಹೆಣೆಯುತ್ತಿದ್ದರು. ಅವನ್ನು 320ರೊಳಗೆ ತುರುಕಿದರೆ ಎಲ್ಲವೂ ಚಿಂದಿಯಾಗುತ್ತಿತ್ತು. ಆದ್ದರಿಂದ ಸಫಾರಿ ತನ್ನ ಪರದೆ 980 ಪಿಕ್ಸೆಲ್ ಅಗಲವಿದೆ ಎಂದು ಪುಟಕ್ಕೆ ಸುಳ್ಳು ಹೇಳಿ, ಆ ಅಗಲಕ್ಕೆ ಹೆಣೆಸಿ, ಆಮೇಲೆ ಇಡೀ ಚಿತ್ರವನ್ನು ಕುಗ್ಗಿಸಿ ತೋರಿಸುವ ಉಪಾಯ ಮಾಡಿತು. ಮೊಬೈಲಿಗೆಂದೇ ಮಾಡಿದ ಪುಟಗಳು "ಈ ಸುಳ್ಳು ನನಗೆ ಬೇಡ" ಎಂದು ಹೇಳಲು ಆಪಲ್ ಕಂಪನಿ ಕೊಟ್ಟ ದಾರಿಯೇ ವ್ಯೂಪೋರ್ಟ್ ಮೆಟಾ ಟ್ಯಾಗ್. ಉಳಿದ ಬ್ರೌಸರುಗಳು ಟ್ಯಾಗನ್ನೂ 980ರ ಊಹೆಯನ್ನೂ ಒಟ್ಟಿಗೇ ಎತ್ತಿಕೊಂಡವು. ನಿಮ್ಮ ಮಾಲಕರ ಇರುವೆ ಸಾಲಿನ ಮೂಲ ಇದು: 980 ಅಗಲದ ಪುಟವನ್ನು 360ಕ್ಕೆ ಕುಗ್ಗಿಸಿದರೆ 16 ಪಿಕ್ಸೆಲಿನ ಅಕ್ಷರ ಸುಮಾರು 6ರಷ್ಟಾಗುತ್ತದೆ. ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಏನಾಗುತ್ತವೆ ಎಂಬುದನ್ನು ಡಿಟಿಪಿ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ 1080ರ ಪ್ರಶ್ನೆ. ಪೆಟ್ಟಿಗೆಯ ಮೇಲೆ ಬರೆದಿರುವುದು ಪರದೆಯ ಭೌತಿಕ ಪಿಕ್ಸೆಲುಗಳ ಸಂಖ್ಯೆ. ಪುಟದ ರೂಪವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ನಾವು ಬರೆಯುವ ಪಿಕ್ಸೆಲ್ ಬೇರೆಯೇ ಒಂದು ಅಳತೆ. 2010ರ ಐಫೋನ್ 4ರಲ್ಲಿ ಪರದೆ 640 ಪಿಕ್ಸೆಲಿಗೆ ಏರಿದರೂ ಪುಟಗಳಿಗೆ ಅದು 320 ಎಂದೇ ಹೇಳುತ್ತಿತ್ತು, ಒಂದು ಸಿಎಸ್‌ಎಸ್ ಪಿಕ್ಸೆಲಿನ ಅಗಲಕ್ಕೆ ಎರಡು ಭೌತಿಕ ಪಿಕ್ಸೆಲುಗಳನ್ನು ಬಳಸುತ್ತಿತ್ತು. ಇಲ್ಲದಿದ್ದರೆ ಪರದೆ ಚೊಕ್ಕಟವಾದಷ್ಟೂ ಅಕ್ಷರಗಳು ಸಣ್ಣದಾಗುತ್ತ ಹೋಗುತ್ತಿದ್ದವು. ನಿಮ್ಮ ಫೋನಿನಲ್ಲಿ ಈ ಪ್ರಮಾಣ 3 ಇರಬೇಕು. ಅಂದರೆ 1080 ಭಾಗಿಸು 3, ಡಿವೈಸ್-ವಿಡ್ತ್ ಎಂದರೆ 360. ನೀವು ಬರೆದ ಸಾಲು ಪನ್ನವನ್ನು 360ಕ್ಕೆ ಕಟ್ಟಿದೆ. ತಲೆಪಟ್ಟಿಯ ಅಗಲ ಶೇಕಡಾ 100 ಎಂದಿರುವುದರಿಂದ ಅದು ವಿಧೇಯವಾಗಿ 360ಕ್ಕೆ ನಿಂತಿತು. ಟೇಬಲ್ ಮಾತ್ರ ತನಗೆ ಬರೆದುಕೊಟ್ಟಿರುವ 960ನ್ನು ಬಿಡದೆ, ಪನ್ನದಿಂದ ಹೊರಗೆ 600 ಪಿಕ್ಸೆಲ್ ಚಾಚಿಕೊಂಡಿತು. ನೀವು ಕಂಡ ಬಿಳಿಯ ಜಾಗ ಅದೇ. ಬ್ರೌಸರಿಗೆ ಪನ್ನ ಹೇಳುವುದಷ್ಟೇ ವ್ಯೂಪೋರ್ಟ್ ಸಾಲಿನ ಕೆಲಸ, ಹೊರಗೆ ಚಾಚಿದ ವಸ್ತುವನ್ನು ಮಡಚಿ ಒಳಗಿಡುವ ಕೆಲಸ ಅದರದಲ್ಲ.

ಪರಿಹಾರ ದೊಡ್ಡದೇನಲ್ಲ. ಟೇಬಲಿನ ಸುತ್ತ ಒಂದು ಡಿವ್ (ಚೌಕಟ್ಟಿನಂತಹ ಟ್ಯಾಗ್) ಹಾಕಿ, ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ ಎಂದು ಕೊಡಿ. ಆಗ ಟೇಬಲ್ ತನ್ನ ಚೌಕಟ್ಟಿನೊಳಗೇ ಎಡಬಲಕ್ಕೆ ಸರಿಯುತ್ತದೆ, ಪುಟ ಸ್ಥಿರವಾಗಿರುತ್ತದೆ. 960ರ ಅಂಕಿಯನ್ನು ತೆಗೆದರೆ ಇನ್ನೂ ಒಳ್ಳೆಯದು. ಅಂಗಡಿಯ ಚಿತ್ರಕ್ಕೆ ಮ್ಯಾಕ್ಸ್-ವಿಡ್ತ್ ಶೇಕಡಾ 100, ಎತ್ತರ ಆಟೋ ಎಂದು ಬರೆಯಿರಿ. ಮತ್ತೆ ಏನಾದರೂ ಹೊರಗೆ ಚಾಚಿದೆಯೇ ಎಂದು ತಿಳಿಯಲು ಬ್ರೌಸರಿನ ಕನ್ಸೋಲಿನಲ್ಲಿ (ಆದೇಶ ಬರೆದು ಉತ್ತರ ಪಡೆಯುವ ಕಿಟಕಿ) ಡಾಕ್ಯುಮೆಂಟ್ ಎಲಿಮೆಂಟಿನ, ಅಂದರೆ ಇಡೀ ಪುಟದ, ಸ್ಕ್ರೋಲ್‌ವಿಡ್ತ್ ಮತ್ತು ಕ್ಲೈಂಟ್‌ವಿಡ್ತ್ ಎರಡನ್ನೂ ಕೇಳಿ ನೋಡಿ. ಮೊದಲನೆಯದು ಒಳಗಿನ ವಸ್ತುಗಳ ಒಟ್ಟು ಅಗಲ, ಎರಡನೆಯದು ಪನ್ನ. ಮೊದಲನೆಯದು ದೊಡ್ಡದಾಗಿದ್ದರೆ ಯಾವುದೋ ಒಂದು ವಸ್ತು ಪನ್ನ ಮೀರಿದೆ ಎಂದೇ ಅರ್ಥ. ಕನ್ನಡದ ಪುಟಗಳಲ್ಲಿ ಹಲವು ಬಾರಿ ಅದು ಸಂಧಿಯಾಗಿ ಬೆಳೆದ ಉದ್ದನೆಯ ಪದವಾಗಿರುತ್ತದೆ. ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ "ಕೈಮಗ್ಗನೇಕಾರರಿಂದಲೇತಯಾರಾದ" ಎಂದು ಒಂದೇ ಉಸಿರಿನಲ್ಲಿ ಬರೆದರೆ ಅದು 360ರಲ್ಲಿ ಹಿಡಿಸುವುದಿಲ್ಲ. ಅಂತಹ ಕಡೆ ಓವರ್‌ಫ್ಲೋ-ರ್‍ಯಾಪ್ ಗುಣಕ್ಕೆ ಎನಿವೇರ್ ಎಂಬ ಬೆಲೆ ಕೊಡಿ. ಬ್ರೇಕ್-ವರ್ಡ್ ಕೊಟ್ಟರೆ ಟೇಬಲಿನ ಕಾಲಂಗಳು ಕಿರಿದಾಗಲು ಒಪ್ಪುವುದಿಲ್ಲ, ಏಕೆಂದರೆ ಕಾಲಮಿನ ಕನಿಷ್ಠ ಅಗಲವನ್ನು ಲೆಕ್ಕ ಹಾಕುವಾಗ ಅದನ್ನು ಪರಿಗಣಿಸುವುದಿಲ್ಲ.

ಎರಡು ಸಣ್ಣ ಮಾತುಗಳು. ಗುಣಗಳ ನಡುವೆ ಸೆಮಿಕೋಲನ್ ಬೇಡ, ಅಲ್ಪವಿರಾಮ ಹಾಕಿ. ಕ್ರೋಮ್ ಸೆಮಿಕೋಲನ್ನನ್ನು ಸಹಿಸಿಕೊಂಡರೂ ಕನ್ಸೋಲಿನಲ್ಲಿ ಆಕ್ಷೇಪಿಸುತ್ತದೆ. ಹಾಗೆಯೇ, ಕಂಪ್ಯೂಟರಿನಲ್ಲಿ ಕಿಟಕಿಯನ್ನು ಕಿರಿದು ಮಾಡಿ ನೋಡಿದರೆ ಈ ಸಾಲಿನ ಪರೀಕ್ಷೆ ಆಗುವುದಿಲ್ಲ. ಡೆಸ್ಕ್‌ಟಾಪ್ ಬ್ರೌಸರುಗಳು ವ್ಯೂಪೋರ್ಟ್ ಟ್ಯಾಗನ್ನು ಓದುವುದೇ ಇಲ್ಲ, ಆದ್ದರಿಂದ ಡೆವಲಪರ್ ಟೂಲ್ಸ್‌ನಲ್ಲಿ ಮೊಬೈಲಿನ ಅನುಕರಣೆ ಆನ್ ಮಾಡಿ ನೋಡಬೇಕು, ಇಲ್ಲವೇ ನಿಜವಾದ ಫೋನನ್ನೇ ಕೈಗೆತ್ತಿಕೊಳ್ಳಬೇಕು.

ಗೋಲಗುಮ್ಮಟದ_ನೆರಳು (ವಿಜಯಪುರ)

ಮಾಸ್ತರರು ಹೇಳಿದ್ದೆಲ್ಲ ಸರಿಯಿರಬಹುದು, ಆದರೆ ಇಷ್ಟೊಂದು ತಲೆನೋವು ಏಕೆ ಎಂಬುದು ನನ್ನ ಪ್ರಶ್ನೆ. ಇಂಡಿ ಊರಿನ ಲಿಂಬೆ ವ್ಯಾಪಾರಿಯೊಬ್ಬರಿಗೆ ದರಪಟ್ಟಿಯ ಪುಟ ಮಾಡಿಕೊಟ್ಟಾಗ ನಾನು ವಿಡ್ತ್=960 ಎಂದು ಬರೆದು ಕೈತೊಳೆದುಕೊಂಡೆ. ಪುಟ ಪೂರ್ತಿ ಹಿಡಿಸುತ್ತದೆ, ಜಾರುವುದಿಲ್ಲ, ಯಾರೂ ದೂರಿಲ್ಲ. ಅಷ್ಟೂ ಬೇಡವೆಂದರೆ ಪುಟದ ಬಾಡಿ ಟ್ಯಾಗಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಎಂದು ಕೊಟ್ಟುಬಿಡಿ, ಜಾರುವುದು ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಮಾತು. ಮಾಲಕರ ಫೋನಿನಲ್ಲಿ ಏನು ಮಾಡಿದರೂ ಬದಲಾಗುತ್ತಿಲ್ಲ ಎಂದಿರಿ. ಕ್ರೋಮಿನ ಮೂರು ಚುಕ್ಕಿಗಳ ಮೆನುವಿನಲ್ಲಿ "ಡೆಸ್ಕ್‌ಟಾಪ್ ಸೈಟ್" ಎಂಬುದಕ್ಕೆ ಗುರುತು ಬಿದ್ದಿದೆಯೇ ನೋಡಿರಿ.

ಟಿಳಕವಾಡಿ_ಮಾಸ್ತರ (ಬೆಳಗಾವಿ)

ಡೆಸ್ಕ್‌ಟಾಪ್ ಸೈಟಿನ ಊಹೆ ಬಹಳ ಒಳ್ಳೆಯದು, ನನಗೆ ಹೊಳೆದಿರಲಿಲ್ಲ. ಆ ಗುರುತು ಇದ್ದರೆ ಕ್ರೋಮ್ ತನ್ನನ್ನು ಕಂಪ್ಯೂಟರಿನ ಬ್ರೌಸರೆಂದು ಸರ್ವರಿಗೆ ಪರಿಚಯಿಸಿಕೊಳ್ಳುವುದಲ್ಲದೆ, ವ್ಯೂಪೋರ್ಟ್ ಸಾಲನ್ನೂ ಬದಿಗಿಟ್ಟು ಮತ್ತೆ 980ರ ಪನ್ನಕ್ಕೇ ಹೋಗುತ್ತದೆ.

ವಿಡ್ತ್=960 ಮಾತ್ರ ನಾನು ಒಪ್ಪಲಾರೆ. ಅದು 980ರ ಇರುವೆ ಸಾಲನ್ನು 960ರ ಇರುವೆ ಸಾಲು ಮಾಡಿದಷ್ಟೇ. ಮೀಡಿಯಾ ಕ್ವೆರಿಗಳು, ಅಂದರೆ ಅಗಲ ನೋಡಿ ರೂಪ ಬದಲಿಸುವ ನಿಯಮಗಳು, ಅಳೆಯುವುದು ಲೇಔಟ್ ಪನ್ನವನ್ನು, ಆದ್ದರಿಂದ "600ಕ್ಕಿಂತ ಕಿರಿದಾದರೆ ಹೀಗೆ ತೋರಿಸು" ಎಂದು ನೀವು ಬರೆದ ಒಂದು ನಿಯಮವೂ ಆ ಪುಟದಲ್ಲಿ ಎಂದಿಗೂ ಜಾರಿಗೆ ಬರುವುದಿಲ್ಲ. ಹಿಡನ್ ಎಂಬುದಂತೂ ಇನ್ನೂ ಅಪಾಯ. ಈ ಟೇಬಲಿನಲ್ಲಿ ಬಲತುದಿಯ ಕಾಲಂ ಯಾವುದು ಸರ್? ದರ. ಅದನ್ನೇ ಕತ್ತರಿಸಿ ಬಿಸಾಡಿದಂತಾಗುತ್ತದೆ, ಗಿರಾಕಿಗೆ ದರ ಇದೆಯೆಂಬುದೂ ತಿಳಿಯುವುದಿಲ್ಲ.

ಶಹಾಪುರ_ಓದುಗಿ (ಬೆಳಗಾವಿ)

ಝೂಮ್ ಕಟ್ಟಿಹಾಕಿದ ವಿಷಯವನ್ನು ಮಾಸ್ತರರು "ಬೇಡ" ಎಂಬ ಒಂದು ಪದದಲ್ಲಿ ಮುಗಿಸಿದ್ದಾರೆ. ನನಗೆ ಅದು ಈ ಚರ್ಚೆಯ ಮುಖ್ಯ ಭಾಗವಾಗಿ ಕಾಣುವುದರಿಂದ ಬರೆಯುತ್ತಿದ್ದೇನೆ. ಪುಟಗಳ ಪರೀಕ್ಷೆ ನನ್ನ ಉದ್ಯೋಗ, ಮತ್ತು ನನ್ನ ಒಂದು ಕಣ್ಣಿನ ದೃಷ್ಟಿ ಚಿಕ್ಕಂದಿನಿಂದಲೂ ಮಂದ. ಎರಡು ಬೆರಳಿನಿಂದ ಹಿಗ್ಗಿಸಿ ಓದುವುದು ನನಗೆ ಅನುಕೂಲದ ಮಾತಲ್ಲ, ಓದುವ ರೀತಿಯೇ ಅದು.

ಯೂಸರ್-ಸ್ಕೇಲೆಬಲ್=ನೋ ಎಂದರೆ ಓದುವವರ ಕೈಯಿಂದ ಭೂತಗನ್ನಡಿಯನ್ನು ಕಿತ್ತುಕೊಂಡಂತೆ. ಮ್ಯಾಕ್ಸಿಮಮ್-ಸ್ಕೇಲ್=1 ಎಂಬುದೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತದೆ. ಪುಟ ಕಟ್ಟುವವರು ಇದನ್ನು ಎಷ್ಟರ ಮಟ್ಟಿಗೆ ದುರುಪಯೋಗ ಮಾಡಿದರೆಂದರೆ 2016ರಲ್ಲಿ ಐಓಎಸ್ 10ರ ಸಫಾರಿ, ಬಳಕೆದಾರರು ಬೆರಳಿನಿಂದ ಹಿಗ್ಗಿಸುವಾಗ ಈ ಎರಡು ಗುಣಗಳನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದಿರಲು ತೀರ್ಮಾನಿಸಿತು. ಆಂಡ್ರಾಯ್ಡ್ ಕ್ರೋಮ್ ಇಂದಿಗೂ ಅವುಗಳ ಮಾತು ಕೇಳುತ್ತದೆ. ಅದನ್ನು ಮೀರಬೇಕಾದರೆ ಸೆಟ್ಟಿಂಗಿನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ ಝೂಮನ್ನು ಒತ್ತಾಯದಿಂದ ಸಕ್ರಿಯಗೊಳಿಸುವ ಆಯ್ಕೆಗೆ ಗುರುತು ಹಾಕಿಕೊಳ್ಳಬೇಕು. ನನ್ನ ಫೋನಿನಲ್ಲಿ ಹಾಕಿಕೊಂಡಿದ್ದೇನೆ, ಆದರೆ ಇಳಕಲ್ ಸೀರೆ ಕೊಳ್ಳಲು ಬಂದ ಗಿರಾಕಿಯಿಂದ ಅಷ್ಟನ್ನು ನಿರೀಕ್ಷಿಸಬಾರದು. ಐಫೋನಿನವರು ದೂರದೆ ಆಂಡ್ರಾಯ್ಡಿನವರು ಮಾತ್ರ ದೂರಿದ್ದಾರೆ ಎಂದಾದರೆ ಕಾರಣ ಇದೇ.

ಅಂತರರಾಷ್ಟ್ರೀಯ ಸುಲಭಲಭ್ಯತೆಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯಲ್ಲಿ ಪಠ್ಯವನ್ನು ಶೇಕಡಾ 200ರವರೆಗೆ ಹಿಗ್ಗಿಸಲು ಸಾಧ್ಯವಿರಬೇಕೆಂಬ ನಿಯಮವಿದೆ. 2018ರಲ್ಲಿ ಬಂದ ಅದರ 2.1ನೆಯ ಆವೃತ್ತಿಯು, 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ ಓದುವಾಗ ಪುಟವನ್ನು ಎಡಬಲಕ್ಕೆ ಎಳೆಯುವ ಪ್ರಸಂಗ ಬರಬಾರದು ಎನ್ನುತ್ತದೆ. 1280 ಅಗಲದ ಪರದೆಯಲ್ಲಿ ಶೇಕಡಾ 400ಕ್ಕೆ ಹಿಗ್ಗಿಸಿದರೆ ಉಳಿಯುವುದು ಅಷ್ಟೇ ಅಗಲ. ನಿಮಗೆ ಸಮಾಧಾನದ ಸಂಗತಿಯೆಂದರೆ, ಅಂಕಿಅಂಶಗಳ ಟೇಬಲಿಗೆ ಅದರಲ್ಲಿ ವಿನಾಯಿತಿಯಿದೆ. ಮಾಸ್ತರರು ಹೇಳಿದ ಡಿವ್‌ನೊಳಗೆ ಟೇಬಲ್ ಸರಿದಾಡಿದರೆ ಅದು ತಪ್ಪಲ್ಲ, ಇಡೀ ಪುಟ ಸರಿದಾಡುವುದು ತಪ್ಪು.

ಇನ್ನು ನೀವು ಝೂಮಿಗೆ ಬೀಗ ಹಾಕಲು ಕಾರಣವಾದ ಮೂಲ ತೊಂದರೆ. ಫಾರಂನ ಪೆಟ್ಟಿಗೆಯಲ್ಲಿ ಅಕ್ಷರದ ಗಾತ್ರ 16 ಪಿಕ್ಸೆಲಿಗಿಂತ ಕಡಿಮೆಯಿದ್ದರೆ, ಬರೆಯುವವರಿಗೆ ಕಾಣಲೆಂದು ಐಫೋನಿನ ಸಫಾರಿ ತಾನಾಗಿ ಹಿಗ್ಗಿಸುತ್ತದೆ. ನಿಮ್ಮ ಹಳೆಯ ಪುಟದಲ್ಲಿ ಅದು 13ರಷ್ಟು ಇರಬಹುದು. ಅದನ್ನು 16ಕ್ಕೆ ಏರಿಸಿದರೆ ಹಿಗ್ಗಿಸಲು ಸಫಾರಿಗೆ ಕಾರಣವೇ ಉಳಿಯುವುದಿಲ್ಲ. ಒಂದು ಪೆಟ್ಟಿಗೆಯ ಅಕ್ಷರ ಸಣ್ಣದಾಯಿತೆಂದು ಇಡೀ ಪುಟದ ಝೂಮಿಗೆ ಬೀಗ ಜಡಿಯುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ.

ನವನಗರ_ಡಿಟಿಪಿ (ಬಾಗಲಕೋಟೆ)

ಮೂವರಿಗೂ ಅನಂತ ವಂದನೆಗಳು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಳಿತು ಒಂದೊಂದಾಗಿ ಮಾಡಿ ನೋಡಿದೆ.

ಸ್ಕ್ರೋಲ್‌ವಿಡ್ತ್ ಕೇಳಿದಾಗ 968 ಬಂದಿತು, ಕ್ಲೈಂಟ್‌ವಿಡ್ತ್ 360. ಟೇಬಲಿಗೆ ಡಿವ್ ಹೊದಿಸಿ 960ನ್ನು ತೆಗೆದ ಮೇಲೂ ಮೊದಲ ಸಂಖ್ಯೆ 402ಕ್ಕೆ ಬಂದು ನಿಂತುಬಿಟ್ಟಿತು. ಅರ್ಧ ತಾಸು ಹುಡುಕಿದ ಮೇಲೆ ಸಿಕ್ಕಿದ್ದು, ಪುಟದ ಕೆಳಗೆ ಬರೆದಿದ್ದ ಉದ್ದನೆಯ ಇಮೇಲ್ ವಿಳಾಸ. ನಡುವೆ ಎಲ್ಲಿಯೂ ಜಾಗವಿಲ್ಲದ್ದರಿಂದ ಅದು ಮುರಿಯಲಾರದೆ ಹೊರಗೆ ಚಾಚಿತ್ತು. ಎನಿವೇರ್ ಕೊಟ್ಟ ಮೇಲೆ ಎರಡೂ ಸಂಖ್ಯೆಗಳು 360 ಆದವು. ಫಾರಂನ ಅಕ್ಷರದ ಗಾತ್ರ ಅಕ್ಕನವರು ಊಹಿಸಿದಂತೆಯೇ 13 ಇತ್ತು. ಅದನ್ನು 16 ಮಾಡಿ, ಸಾಲಿನ ಕೊನೆಯ ಎರಡು ಗುಣಗಳನ್ನು ಅಳಿಸಿದೆ. ಐಫೋನಿನಲ್ಲಿ ಪುಟ ಅಲುಗುತ್ತಿಲ್ಲ, ಆಂಡ್ರಾಯ್ಡಿನಲ್ಲಿ ಬೆರಳಿನಿಂದ ಹಿಗ್ಗಿಸಲು ಬರುತ್ತಿದೆ.

ಮಾಲಕರ ಫೋನಿನ ರಹಸ್ಯವೂ ಬಯಲಾಯಿತು. ಹಳೆಯ ಪುಟ ಆ ಬಗೆಯಲ್ಲಿ ಸ್ವಲ್ಪ ನೆಟ್ಟಗೆ ಕಾಣುತ್ತದೆಂದು ಅವರ ಮೊಮ್ಮಗ ಎಂದೋ ಡೆಸ್ಕ್‌ಟಾಪ್ ಸೈಟ್ ಗುರುತು ಹಾಕಿಕೊಟ್ಟಿದ್ದನಂತೆ, ಅದು ಹಾಗೆಯೇ ಉಳಿದಿತ್ತು. ವಿಜಯಪುರದವರಿಗೆ ಅವರ ಪರವಾಗಿಯೂ ಒಂದು ನಮಸ್ಕಾರ.

ಈಗ ಉಳಿದಿರುವುದು ಒಂದೇ ತೊಂದರೆ. ಆರ್ಡರ್ ಫಾರಂ ಬೇರೆ ಪದರವಾಗಿ ಇಡೀ ಪರದೆ ತುಂಬಿ ತೆರೆಯಲೆಂದು ಅದರ ಎತ್ತರವನ್ನು 100 ವಿಎಚ್ (ವ್ಯೂಪೋರ್ಟ್ ಎತ್ತರದ ಶೇಕಡಾ 100) ಎಂದು ಕೊಟ್ಟು, "ಆರ್ಡರ್ ಕಳುಹಿಸಿ" ಗುಂಡಿಯನ್ನು ಅದರ ತಳಕ್ಕೆ ಅಂಟಿಸಿದ್ದೇನೆ. ಫಾರಂ ತೆರೆದಾಗ ಗುಂಡಿಯ ಮೇಲಂಚು ಮಾತ್ರ ಕಾಣುತ್ತದೆ, ಉಳಿದದ್ದು ಪರದೆಯ ಕೆಳಗೆ ಅಡಗಿರುತ್ತದೆ. ಸಂಖ್ಯೆ ತುಂಬಲು ಕೀಲಿಮಣೆ ಮೇಲೆ ಬಂದಾಗ ಆ ಅಂಚೂ ಕಾಣುವುದಿಲ್ಲ. ಇದೂ ವ್ಯೂಪೋರ್ಟಿಗೆ ಸೇರಿದ ವಿಷಯವೇ?

ಟಿಳಕವಾಡಿ_ಮಾಸ್ತರ (ಬೆಳಗಾವಿ)

ಹೌದು, ಇದು ವ್ಯೂಪೋರ್ಟಿನ ಎತ್ತರದ ಕಥೆ. ಅಗಲಕ್ಕಿಂತ ಇದು ಹೆಚ್ಚು ಕಿರಿಕಿರಿಯದು, ಏಕೆಂದರೆ ಫೋನಿನ ಅಗಲ ನಿಂತಲ್ಲೇ ನಿಂತಿರುತ್ತದೆ, ಎತ್ತರ ಮಾತ್ರ ಬೆರಳು ಆಡಿಸಿದಂತೆಲ್ಲ ಬದಲಾಗುತ್ತದೆ. ಕೆಳಕ್ಕೆ ಸರಿಸಿದಾಗ ವಿಳಾಸದ ಪಟ್ಟಿ ಮರೆಯಾಗುತ್ತದೆ, ಮೇಲಕ್ಕೆ ಸರಿಸಿದಾಗ ಮತ್ತೆ ಬರುತ್ತದೆ. ಪ್ರತಿ ಸಲವೂ 100 ವಿಎಚ್‌ನ ಬೆಲೆಯನ್ನು ಬದಲಿಸಿದರೆ ಪುಟ ಕುಣಿಯುತ್ತದೆಂದು ಸಫಾರಿಯೂ ಕ್ರೋಮೂ ವಿಳಾಸದ ಪಟ್ಟಿ ಮರೆಯಾಗಿರುವಾಗಿನ ದೊಡ್ಡ ಎತ್ತರವನ್ನೇ ವಿಎಚ್‌ನ ಅಳತೆಯಾಗಿ ಇಟ್ಟುಕೊಂಡಿವೆ. ಫಾರಂ ತೆರೆಯುವ ಹೊತ್ತಿನಲ್ಲಿ ಪಟ್ಟಿ ಇರುತ್ತದೆಯಾದ್ದರಿಂದ ಅಷ್ಟು ಎತ್ತರದ ಭಾಗ ಕೆಳಗೆ ಜಾರಿ, ಅದರೊಂದಿಗೆ ನಿಮ್ಮ ಗುಂಡಿಯೂ ಜಾರುತ್ತದೆ.

ಇದಕ್ಕೆಂದೇ ಮೂರು ಹೊಸ ಅಳತೆಗಳು 2022ರಲ್ಲಿ ಬ್ರೌಸರುಗಳಿಗೆ ಬಂದವು, ಮೊದಲು ಸಫಾರಿ 15.4ರಲ್ಲಿ, ಆಮೇಲೆ ಫೈರ್‌ಫಾಕ್ಸ್ 101ರಲ್ಲಿ, ವರ್ಷದ ಕೊನೆಗೆ ಕ್ರೋಮ್ 108ರಲ್ಲಿ. ಎಸ್‌ವಿಎಚ್ ಎಂದರೆ ಪಟ್ಟಿ ಇರುವಾಗಿನ ಸಣ್ಣ ಎತ್ತರ, ಎಲ್‌ವಿಎಚ್ ಎಂದರೆ ಪಟ್ಟಿ ಇಲ್ಲದಾಗಿನ ದೊಡ್ಡ ಎತ್ತರ, ಡಿವಿಎಚ್ ಎಂದರೆ ಆ ಕ್ಷಣದಲ್ಲಿ ಎಷ್ಟಿದೆಯೋ ಅಷ್ಟು. ನಿಮ್ಮ ಪದರಕ್ಕೆ 100 ಡಿವಿಎಚ್ ಹೊಂದುತ್ತದೆ. ಹಳೆಯ ಫೋನುಗಳಿಗಾಗಿ ಮೊದಲು 100 ವಿಎಚ್ ಸಾಲನ್ನು ಬರೆದು, ಅದರ ಕೆಳಗೆ 100 ಡಿವಿಎಚ್ ಬರೆಯಿರಿ. ಎರಡನೆಯದನ್ನು ಅರಿಯದ ಬ್ರೌಸರು ಅದನ್ನು ಬಿಟ್ಟು ಮೊದಲನೆಯದಕ್ಕೇ ನಿಲ್ಲುತ್ತದೆ.

ಕೀಲಿಮಣೆಯ ಮಾತು ಬೇರೆ, ಡಿವಿಎಚ್ ಅದನ್ನು ಲೆಕ್ಕಿಸುವುದಿಲ್ಲ. ಹಿಂದೆ ಆಂಡ್ರಾಯ್ಡ್ ಕ್ರೋಮಿನಲ್ಲಿ ಕೀಲಿಮಣೆ ಬಂದರೆ ಲೇಔಟಿನ ಎತ್ತರವೇ ಕುಗ್ಗುತ್ತಿತ್ತು, ತಳಕ್ಕೆ ಅಂಟಿಸಿದ ಗುಂಡಿ ಕೀಲಿಮಣೆಯ ಮೇಲೆ ಬಂದು ಕೂರುತ್ತಿತ್ತು. ಕ್ರೋಮ್ 108ರಿಂದ ಅದೂ ಐಫೋನಿನ ಸಫಾರಿಯಂತೆ ವಿಶುವಲ್ ವ್ಯೂಪೋರ್ಟನ್ನು ಮಾತ್ರ ಕುಗ್ಗಿಸುತ್ತದೆ, ಲೇಔಟನ್ನು ಮುಟ್ಟುವುದಿಲ್ಲ. ಹಳೆಯ ನಡವಳಿಕೆ ಬೇಕೆಂದರೆ ವ್ಯೂಪೋರ್ಟ್ ಸಾಲಿಗೇ ಇಂಟರ್‌ಆ್ಯಕ್ಟಿವ್-ವಿಜೆಟ್=ರೀಸೈಜಸ್-ಕಂಟೆಂಟ್ ಎಂಬ ಗುಣವನ್ನು ಸೇರಿಸಬಹುದು. ಗುಣದ ಹೆಸರನ್ನು ಅರಿಯದ ಬ್ರೌಸರು ಅದನ್ನು ಕಡೆಗಣಿಸುತ್ತದೆ, ಸಾಲಿನ ಉಳಿದ ಭಾಗಕ್ಕೆ ಧಕ್ಕೆಯಿಲ್ಲ.

ಆದರೂ ನಾನಾಗಿದ್ದರೆ ಅದನ್ನು ಸೇರಿಸುತ್ತಿರಲಿಲ್ಲ. ಎರಡೇ ಪೆಟ್ಟಿಗೆಗಳ ಫಾರಂನಲ್ಲಿ ಗುಂಡಿಯನ್ನು ತಳಕ್ಕೆ ಅಂಟಿಸುವ ಅಗತ್ಯವೇ ಇಲ್ಲ. ಮೊಬೈಲ್ ಸಂಖ್ಯೆಯ ಪೆಟ್ಟಿಗೆಯ ಕೆಳಗೆ, ಸಹಜವಾಗಿ ಬರುವ ಜಾಗದಲ್ಲೇ ಇಟ್ಟರೆ, ಕೀಲಿಮಣೆ ಬಂದಾಗಲೂ ಗಿರಾಕಿ ಬೆರಳಿನಿಂದ ಮೇಲಕ್ಕೆ ಸರಿಸಿ ಅದನ್ನು ಒತ್ತಬಹುದು. ಹೊಸ ಗುಣಗಳನ್ನು ಸೇರಿಸುತ್ತ ಹೋದರೆ ಮತ್ತೆ ಅರ್ಥ ತಿಳಿಯದ ಉದ್ದನೆಯ ಸಾಲೇ ಉಳಿಯುತ್ತದೆ. ಪುಟ ಕಟ್ಟಲು ಸಿದ್ಧ ಸಾಮಗ್ರಿ ಒದಗಿಸುವ ಬೂಟ್‌ಸ್ಟ್ರ್ಯಾಪ್ 4ರ ಮಾದರಿ ಪುಟದಲ್ಲಿದ್ದ ಶ್ರಿಂಕ್-ಟು-ಫಿಟ್=ನೋ ಎಂಬ ಗುಣವನ್ನೇ ನೋಡಿ. 2015ರ ಐಓಎಸ್ 9ರಲ್ಲಿ ಸಫಾರಿ ಪನ್ನ ಮೀರಿದ ಪುಟಗಳನ್ನು ಕುಗ್ಗಿಸಲು ಶುರುಮಾಡಿದ್ದಕ್ಕೆ ಉತ್ತರವಾಗಿ ಹುಟ್ಟಿದ ಗುಣವದು. ಬೂಟ್‌ಸ್ಟ್ರ್ಯಾಪಿನವರು 5ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರೂ, ನಕಲು ಮಾಡಿದ ಪುಟಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಗೋಲಗುಮ್ಮಟದ_ನೆರಳು (ವಿಜಯಪುರ)

ನನ್ನ ಲಿಂಬೆ ವ್ಯಾಪಾರಿಯ ಪುಟವನ್ನು ಇವತ್ತು ಬೇರೆಯವರ ಫೋನಿನಲ್ಲಿ ತೆರೆದು ನೋಡಿದೆ. ಯಾರೂ ದೂರದಿರಲು ಕಾರಣ, ಅದನ್ನು ಯಾರೂ ಓದುತ್ತಿರಲಿಲ್ಲ ಎಂಬುದು. 960ನ್ನು ತೆಗೆದಿದ್ದೇನೆ. ಒಂದು ಸಣ್ಣ ಸಂದೇಹ: ಡಿವೈಸ್-ವಿಡ್ತ್ ಒಂದಿದ್ದರೆ ಸಾಲದೇ, ಇನಿಷಿಯಲ್-ಸ್ಕೇಲ್=1 ಏಕೆ ಬೇಕು?

ಟಿಳಕವಾಡಿ_ಮಾಸ್ತರ (ಬೆಳಗಾವಿ)

ಹಳೆಯ ಐಫೋನುಗಳು ಫೋನನ್ನು ಅಡ್ಡ ಹಿಡಿದಾಗಲೂ ಡಿವೈಸ್-ವಿಡ್ತ್ ಎಂದರೆ 320 ಎಂದೇ ತಿಳಿಯುತ್ತಿದ್ದವು, ಹಾಗಾಗಿ ಉದ್ದ ಹಿಡಿದಾಗಿನ ಪುಟವನ್ನೇ ಹಿಗ್ಗಿಸಿ ತೋರಿಸುತ್ತಿದ್ದವು. ಇನಿಷಿಯಲ್-ಸ್ಕೇಲ್=1 ಎಂದು ಬರೆದರೆ ಅಡ್ಡ ಅಗಲವನ್ನೇ ಪನ್ನವಾಗಿ ತೆಗೆದುಕೊಳ್ಳುತ್ತಿದ್ದವು. ಎರಡನ್ನೂ ಬರೆಯುವ ರೂಢಿ ಅಲ್ಲಿಂದ ಬಂದದ್ದು. ಇಂದಿಗೂ ಒಂದು ಉಪಯೋಗವಿದೆ: ಪನ್ನ ಮೀರಿದ ವಸ್ತು ಪುಟದಲ್ಲಿದ್ದಾಗ, ಸ್ಕೇಲ್ ಹೇಳದಿದ್ದರೆ ಆಂಡ್ರಾಯ್ಡ್ ಕ್ರೋಮ್ ಆ ವಸ್ತು ಹಿಡಿಸುವಷ್ಟು ಪುಟವನ್ನು ಕುಗ್ಗಿಸಿಯೇ ತೆರೆಯುತ್ತದೆ. ಇರಲಿ ಬಿಡಿ, ಎರಡು ಪದಗಳ ಭಾರವೇನಲ್ಲ.

ನವನಗರ_ಡಿಟಿಪಿ (ಬಾಗಲಕೋಟೆ)

ಗುಂಡಿಯನ್ನು ಸಂಖ್ಯೆಯ ಪೆಟ್ಟಿಗೆಯ ಕೆಳಗೇ ಇಟ್ಟೆ, ಪದರದ ಎತ್ತರವನ್ನು ಡಿವಿಎಚ್‌ಗೆ ಬದಲಿಸಿದೆ. ಕಡತದಲ್ಲಿ ಉಳಿದ ಸಾಲು ಇಷ್ಟೇ: ವಿಡ್ತ್=ಡಿವೈಸ್-ವಿಡ್ತ್, ಇನಿಷಿಯಲ್-ಸ್ಕೇಲ್=1.

ಇಂದು ಮಾಲಕರು ಬಂದು ನೋಡಿದರು. ಅಕ್ಷರಗಳ ಬಗ್ಗೆ ಏನೂ ಹೇಳದೆ ನೇರವಾಗಿ ಗೋಮಿ ದಡಿಯ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, "ಇದೇನ್ರಿ, ನೂಲು ಮಸಕ ಮಸಕ ಕಾಣತೈತಲ್ಲ" ಎಂದರು. ಹಳೆಯ ಫೋಟೋಗಳು 300 ಪಿಕ್ಸೆಲ್ ಅಗಲದವು. ಈ ಫೋನಿನಲ್ಲಿ ಪರದೆ ತುಂಬಲು 360 ಸಿಎಸ್‌ಎಸ್ ಪಿಕ್ಸೆಲ್ ಗುಣಿಸು 3, ಅಂದರೆ 1080 ಬೇಕು, ಹಿಗ್ಗಿಸಿ ನೂಲು ಎಣಿಸಬೇಕಾದರೆ ಅದಕ್ಕೂ ಹೆಚ್ಚು. ಬರುವ ಭಾನುವಾರ ಕ್ಯಾಮೆರಾ ತೆಗೆದುಕೊಂಡು ಇಳಕಲ್ಲಿಗೆ ಹೋಗುತ್ತಿದ್ದೇನೆ.